ನಾಲ್ಕನೆಯ ಗೆರೆ

ಮೂರನೆಯ ಕೋಣೆಯ ಬಾಗಿಲು ತೆರೆದರೆ ನಾಲ್ಕನೆಯ ಕೋಣೆ ಯಾಕೆ ಬಿಸಿಯಾಗಬೇಕು?

ಉಷ್ಣತೆ ಅಳೆಯುವ ಪೆಟ್ಟಿಗೆಯ ರಿಪೇರಿಗೆ ಕೂತಿದ್ದ ಅವನು ಅದರ ಪರದೆಯನ್ನೇ ದಿಟ್ಟಿಸಿದ. ಔಷಧಿ ಗೋದಾಮಿನ ಆರು ತಣ್ಣನೆಯ ಕೋಣೆಗಳಿಗೆ ಆರು ಗೆರೆಗಳು. ಮೂರನೆಯದು ಏರಿದಾಗ ನಾಲ್ಕನೆಯದು ಅದರ ಸೆರಗು ಹಿಡಿದುಕೊಂಡು ಏರುತ್ತಿತ್ತು. ಅದು ಇಳಿದರೆ ಇದೂ ಇಳಿಯುತ್ತಿತ್ತು. ಬೆಳಗಿನಿಂದ ಇದೇ ಆಟ.

"ಬಾಗಿಲು ಹಾಕ್ಲಾ ಸಾರ್? ಇನ್ನು ಸ್ವಲ್ಪ ಹೊತ್ತಾದ್ರೆ ಔಷಧಿ ಜೊತೆ ನನಗೂ ಲೇಬಲ್ ಅಂಟಿಸಬೇಕಾಗುತ್ತೆ," ಸ್ಟೋರ್‌ಕೀಪರ್ ಮೂರನೆಯ ಕೋಣೆಯೊಳಗಿನಿಂದ ಕೂಗಿದ. ಬೇಸಿಗೆಯಲ್ಲೂ ಸ್ವೆಟರ್ ಬಿಡದ ಅವನನ್ನು ಎಲ್ಲರೂ ಕಂಬಳಿ ಎಂದೇ ಕರೆಯುತ್ತಿದ್ದರು.

"ಹಾಕಿ. ಬೇಡ, ಇರ್ಲಿ."

"ಯಾವುದಾದ್ರೂ ಒಂದು ಹೇಳಿ ಸಾರ್."

ಬೆಳಿಗ್ಗೆ ಹೆಂಡತಿಯೂ ಇದನ್ನೇ ಹೇಳಿದ್ದಳು. ಅವಳಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತ್ತು. ಹೋದರೆ ಮರಳಿ ಬರುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಹೋಗ್ಲಾ, ಇರ್ಲಾ?"

"ನಿನಗೆ ಹೇಗನ್ಸುತ್ತೋ ಹಾಗೆ."

"ನನಗನ್ಸೋದು ನನಗೆ ಗೊತ್ತು. ನಿಮಗೇನನ್ಸುತ್ತೆ?"

ಅವನು ಶೂ ಲೇಸು ಕಟ್ಟುತ್ತಿದ್ದ. ಕಟ್ಟಿ ಮುಗಿದ ಮೇಲೂ ಬಗ್ಗಿಯೇ ಇದ್ದ.

"ಸಂಜೆ ಫೋನ್ ಮಾಡ್ತೀನಿ," ಎಂದಳು. "ನಿಮ್ಮ ಬಾಯಿಂದಲೇ ಬರ್ಲಿ."

ಗೋದಾಮಿನ ಮ್ಯಾನೇಜರ್ ಬಂದು ಅವನ ಹಿಂದೆ ನಿಂತರು. "ಏನ್ರೀ, ಕೆಟ್ಟಿದೆಯಾ?"

"ಕೆಟ್ಟಿದೆ ಅನ್ನೋಕಾಗಲ್ಲ."

"ಹಾಗಾದ್ರೆ ಸರಿಯಿದೆ."

"ಸರಿಯಿದೆ ಅಂತಲೂ…"

"ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ."

ಮ್ಯಾನೇಜರ್ ತಲೆ ಕೊಡವಿದರು. ಅವನೂ ತಲೆ ಆಡಿಸಿದ.

ಅವನು ತಿರುಪುಗಳನ್ನು ಬಿಗಿಮಾಡಿದ. ಪೆಟ್ಟಿಗೆಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದ. ಕೊನೆಗೆ ಪೆಟ್ಟಿಗೆಯಿಂದ ಹೊರಟ ತಂತಿಯ ಜಾಡು ಹಿಡಿದು ನಾಲ್ಕನೆಯ ಕೋಣೆಗೆ ಹೋಗಿ, ಕಪಾಟಿನ ಹಿಂದೆ ಟಾರ್ಚ್ ಬಿಟ್ಟು ನೋಡಿದ. ತಂತಿ ನಡುವಿನಲ್ಲೇ ತುಂಡಾಗಿತ್ತು. ಇಲಿಯ ಕೆಲಸ. ಕಡಿದ ತುದಿಗಳ ಮೇಲೆ ಧೂಳು ಕೂತಿತ್ತು, ಇಂದು ನಿನ್ನೆಯದಲ್ಲ. ಕೈಲಿದ್ದ ಥರ್ಮಾಮೀಟರಿನ ಪ್ರಕಾರ ಕೋಣೆ ತಣ್ಣಗೇ ಇತ್ತು, ಔಷಧಿ ಕೆಟ್ಟಿರಲಿಲ್ಲ. ಕೆಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

"ಮತ್ತೆ ಇಷ್ಟು ದಿನ ನಂಬರ್ ತೋರಿಸ್ತಿತ್ತಲ್ಲ ಸಾರ್?" ಎಂದ ಕಂಬಳಿ.

"ಪಕ್ಕದ್ದು. ಪೆಟ್ಟಿಗೆ ಒಂದೊಂದೇ ತಂತಿಯನ್ನ ವಿಚಾರಿಸ್ತಾ ಹೋಗುತ್ತೆ. ನಾಲ್ಕನೇದರಲ್ಲಿ ಏನೂ ಇಲ್ಲ. ಮೂರನೇದರದ್ದು ಒಳಗೆ ಇನ್ನೂ ಸ್ವಲ್ಪ ಉಳ್ಕೊಂಡಿರುತ್ತೆ. ಅದನ್ನೇ ಹೇಳಿಬಿಡುತ್ತೆ."

"ಭಲೇ! ನಮ್ಮ ಭಾವಮೈದ ಪರೀಕ್ಷೆ ಪಾಸಾಗಿದ್ದು ಹೀಗೇ."

ಕಂಬಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ನಕ್ಕ. ಕಂಬಳಿ ನಿಲ್ಲಿಸಿದ. ಅದೇ ಕ್ಷಣಕ್ಕೆ ತನ್ನ ನಗುವೂ ನಿಂತದ್ದನ್ನು ಅವನು ಗಮನಿಸಿದ. ನಗುವಾಗ ತನಗೆ ನಿಜವಾಗಿ ನಗು ಬಂದಿತ್ತೇ ಎಂದು ಕೇಳಿಕೊಂಡ. ನೆನಪಾಗಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಪೆಟ್ಟಿಗೆಯ ಮುಂದೆ ಕೂತು ಸತ್ತ ತಂತಿಯನ್ನು ಬಿಚ್ಚಿ ತೆಗೆದ. ನಾಲ್ಕನೆಯ ಜಾಗದ ಎರಡು ತಿರುಪುಗಳಿಗೂ ಸೇರಿಸಿ ಗೇಣುದ್ದದ ವೈರ್ ಹಾಕಿದ. ಗೆರೆ ನೇರ ಸೊನ್ನೆಗೆ ಬಿದ್ದು ಮಲಗಿತು. ಇಲ್ಲಿ ಏನೂ ಇಲ್ಲ ಎಂಬುದು ಇಷ್ಟು ದಿನಕ್ಕೆ ಅದು ಹೇಳಿದ ಮೊದಲ ನಿಜ. ಅವನಿಗೆ ಅದನ್ನು ನೋಡಲಾಗಲಿಲ್ಲ, ವೈರನ್ನು ಕಿತ್ತುಬಿಟ್ಟ. ಗೆರೆ ಮತ್ತೆ ಮೂರನೆಯದರ ಜೊತೆ ಸೇರಿಕೊಂಡಿತು.

ಸಂಜೆ ಫೋನ್ ಬಂತು.

"ಹೇಳಿ," ಎಂದಳು ಹೆಂಡತಿ.

"ಊಟ ಆಯ್ತಾ?"

"ಅದಲ್ಲ. ಹೋಗ್ಲಾ, ಇರ್ಲಾ?"

ಹೋಗಬೇಡ ಎನ್ನಬೇಕು. ಮಾತು ನಾಲಗೆಯ ಮೇಲೇ ಇತ್ತು. ಆದರೆ ಇದು ತನಗನ್ನಿಸಿದ್ದೋ, ಅವಳ ದನಿಯಲ್ಲಿದ್ದ ಆಸೆಯೇ ತನ್ನೊಳಗೆ ಉಳಿದುಕೊಂಡದ್ದೋ? ಉತ್ತರಕ್ಕೆ ತಡಕಾಡುತ್ತಿದ್ದಾಗ ಬೆರಳು ತಾನಾಗಿ ಹೋಗಿ ನಾಲ್ಕನೆಯ ಜಾಗದ ಬರಿದಾಗಿದ್ದ ತಿರುಪಿನ ಮೇಲೆ ಕೂತಿತು.

ನಾಲ್ಕನೆಯ ಗೆರೆ ಎದ್ದು ಕುಣಿಯತೊಡಗಿತು.

ಮೂರನೆಯದು ತೆಪ್ಪಗಿತ್ತು. ಇದು ಮಾತ್ರ ಹುಚ್ಚೆದ್ದು ಮೇಲೆ ಕೆಳಗೆ ಹಾರುತ್ತಿತ್ತು. ಅವನ ಎದೆ ತುಂಬಿ ಬಂತು. ಇದು ಪಕ್ಕದ್ದಲ್ಲ, ನನ್ನದು!

ಮರುಕ್ಷಣವೇ ಓದಿದ ವಿದ್ಯೆ ಅಡ್ಡ ಬಂತು. ಗೋಡೆಗಳೊಳಗೆ ಹರಿಯುವ ಕರೆಂಟು, ತಲೆಯ ಮೇಲಿನ ಟ್ಯೂಬ್‌ಲೈಟು, ಹೊರಗೆ ಗುಂಯ್‌ಗುಡುವ ಮೋಟಾರು, ಎಲ್ಲದರ ಗದ್ದಲವನ್ನೂ ಹೀರಿಕೊಂಡು ಮೈ ಅದನ್ನು ಬೆರಳಿಗೆ ದಾಟಿಸುತ್ತದೆ. ಅದಕ್ಕೆ ಮೈ ಬದುಕಿರಬೇಕೆಂದೂ ಇಲ್ಲ, ಒದ್ದೆಯಾಗಿದ್ದರೆ ಸಾಕು.

"ಇದ್ದೀರಾ?" ಎಂದಳು ಅವಳು. "ರೀ, ಇದ್ದೀರಾ?"

ಅವನು ಬೆರಳು ತೆಗೆಯಲಿಲ್ಲ. ಗೆರೆ ಕುಣಿಯುತ್ತಲೇ ಇತ್ತು.