ಗುಟ್ಟು ಯಾರದು?

ಎದುರುಮನೆಯಾಕೆ ಕೆಮ್ಮಿದರೂ ಕಾರಣ ಪತ್ತೆಹಚ್ಚುವ ಅತ್ತೆಗೆ ಸ್ವಂತ ಸೊಸೆಯ ಕೆಲಸದ ಬಗ್ಗೆ ಮಾತ್ರ ಹೆಚ್ಚೇನೂ ಗೊತ್ತಿರಲಿಲ್ಲ. ಕಷ್ಟದಲ್ಲಿರುವ ಹೆಂಗಸರು ಫೋನ್ ಮಾಡಿದರೆ ಧೈರ್ಯ ಹೇಳಿ ದಾರಿ ತೋರಿಸುವ ಸೇವಾ ಸಂಸ್ಥೆಯಲ್ಲಿ ಅವಳ ಕೆಲಸ. ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಅಲ್ಲಿ ಎಲ್ಲರೂ ಸಹಿ ಹಾಕಿರುತ್ತಾರೆ.

"ಇವತ್ತು ಯಾರು ಫೋನ್ ಮಾಡಿದ್ರು ಕಣೇ?" ಎಂದು ಅತ್ತೆ ಕೇಳಿದರೆ, "ಯಾರೋ ಮಾಡಿದ್ರು ಅತ್ತೆ" ಎನ್ನುವಳು ಸೊಸೆ.

"ನಿನ್ನ ಬಾಯಿಗೆ ಬೀಗ ಹಾಕಿ ಕೀಲಿಕೈ ಬಾವಿಗೆ ಎಸೆದಿದಾರೆ ಕಣೇ" ಎಂದು ಅತ್ತೆ ನಗುತ್ತಿದ್ದಳು.

ಆ ಭಾನುವಾರ ಮಾತ್ರ ನಗುವಂತಿರಲಿಲ್ಲ. "ನಾಳೆ ರಾಜೀನಾಮೆ ಕೊಡ್ತೀನಿ" ಎಂದಳು ಸೊಸೆ. ಕೆಲವು ವಾರಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಫೋನ್ ರಿಂಗಾದರೂ ಬೆಚ್ಚಿಬೀಳುತ್ತಿದ್ದಳು. ಗಂಡ ಕೇಳಿದರೂ ಒಂದೇ ಉತ್ತರ: "ಹೇಳೋ ಹಾಗಿಲ್ಲ. ಸಹಿ ಹಾಕಿದೀನಿ."

ಅವತ್ತು ಅತ್ತೆಯ ಮಗಳು ತವರಿಗೆ ಬಂದಿದ್ದಳು. ಹೊಲಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಒಗೆದ ಹೊದಿಕೆಯ ಎರಡು ತುದಿ ಹಿಡಿದು ಅವಳೂ ಸೊಸೆಯೂ ಹಿಂಡುತ್ತಿದ್ದರು.

"ಅತ್ತಿಗೆ, ಫೋನ್ ಮಾಡೋರ ಕಥೆ ನಂಗೆ ಬೇಡ" ಎಂದಳು ಮಗಳು. "ನಿಮಗೇನಾಯ್ತು, ಅಷ್ಟು ಹೇಳಿ."

ಸೊಸೆಯ ಕೈ ನಿಂತಿತು.

"ನಾನು ಹೇಗೆ ಮಾತಾಡ್ತೀನಿ ಅಂತ ಕೇಳೋಕೆ ನಮ್ಮ ಕೆಲಸ ನೋಡ್ಕೊಳ್ಳೋ ಸಂಯೋಜಕರು ಇನ್ನೊಂದು ಹೆಡ್‌ಫೋನ್ ಹಾಕ್ಕೊಂಡು ಪಕ್ಕ ಕೂರ್ತಾರೆ. ಮೊದಲು ಭುಜದ ಮೇಲೆ ಕೈ. ಆಮೇಲೆ ಬೆನ್ನು, ಸೊಂಟ. ಫೋನಿನ ಆ ಕಡೆ ಒಬ್ಬಳು ಅಳ್ತಿರ್ತಾಳೆ. 'ಕೈ ತೆಗೀರಿ' ಅಂತ ನಾನು ಗದರಿದ್ರೆ, ತನಗೇ ಗದರಿದ್ದು ಅಂದ್ಕೊಂಡು ಅವಳು ಫೋನ್ ಇಟ್ಬಿಟ್ರೆ? ಹಲ್ಲು ಕಚ್ಚಿ ಕೂರ್ತೀನಿ. ಕರೆ ಮುಗಿದ ಮೇಲೆ 'ಮುಟ್ಬೇಡಿ' ಅಂದೆ. 'ಈ ಕೋಣೇಲಿ ನಡೆಯೋದೆಲ್ಲ ಗುಟ್ಟು. ಸಹಿ ಹಾಕಿದೀರಿ, ನೆನಪಿರಲಿ' ಅಂದ್ರು."

ಹೊದಿಕೆಯ ನೀರು ಅತ್ತೆಯ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಮೊದಲು ಸಿಟ್ಟು ಬಂತು. ಅದರ ಬೆನ್ನಿಗೇ ಭಯ.

"ಬಿಟ್ಹಾಕು ಆ ಕೆಲಸ" ಎಂದಳು. "ದೂರು ಗೀರು ಅಂದ್ರೆ ಊರೆಲ್ಲ ಗುಲ್ಲಾಗುತ್ತೆ. ಜನ ನಿನ್ನನ್ನೇ ಆಡ್ಕೋತಾರೆ. ಪುಣ್ಯದ ಕೆಲಸ ಮಾಡೋ ಸಂಸ್ಥೆ, ಅದರ ಹೆಸರೂ ಹಾಳು."

"ಅಮ್ಮ, ಹೆಸರು ಹಾಳು ಮಾಡಿದ್ದು ಅತ್ತಿಗೇನಾ, ಆ ಕೈಯಾ?"

ಮಗಳು ಸೊಸೆಯ ಕಡೆ ತಿರುಗಿದಳು.

"ಫೋನ್ ಮಾಡಿದವಳ ಗುಟ್ಟು ಅವಳದು. ನಿಮ್ಮ ಸಹಿ ಇರೋದು ಅವಳನ್ನ ಕಾಪಾಡೋಕೆ, ಅವನನ್ನಲ್ಲ. ದೂರಲ್ಲಿ ಅವಳ ಹೆಸರಾಗಲಿ, ಅವಳು ಆಡಿದ ಮಾತಾಗಲಿ ಬೇಕಿಲ್ಲ. ಅವನು ಯಾವತ್ತು, ಎಲ್ಲಿ, ಏನು ಮಾಡಿದ, ಏನಂದ, ಅದನ್ನ ಬರೀರಿ."

"ಅವರು ಇಲ್ಲ ಅಂದ್ಬಿಟ್ರೆ? ನೋಡಿದೋರು ಯಾರೂ ಇಲ್ಲ."

"ನೋಡಿದೋರಿಲ್ಲ ಅಂತ ದೂರನ್ನ ತಳ್ಳಿಹಾಕೋ ಹಾಗಿಲ್ಲ. ಇಂಥ ಕಿರುಕುಳದ ದೂರು ಕೇಳೋಕೇ ನಿಮ್ಮ ಸಂಸ್ಥೆಲೂ ಒಂದು ಸಮಿತಿ ಇರುತ್ತೆ, ಅದು ಇಬ್ಬರ ಮಾತನ್ನೂ ಕೇಳಬೇಕು. ವಿಚಾರಣೆ ಮುಗಿಯೋವರೆಗೆ ಅವನು ನಿಮ್ಮ ಪಕ್ಕ ಕೂರಬಾರದು ಅಂತ ನೀವು ಕೇಳ್ಬಹುದು. ದೂರು ಕೊಟ್ಟಿದ್ದಕ್ಕೆ ನಿಮ್ಮನ್ನ ಕಾಡೋದೂ ತಪ್ಪೇ."

"ಸಮಿತಿಯೋರ ಬಾಯಿಗೆ ಬೀಗ ಹಾಕೋರು ಯಾರಪ್ಪಾ?" ಎಂದಳು ಅತ್ತೆ.

"ನಿಯಮ ಇದೆಯಲ್ಲಮ್ಮ. ದೂರು ಕೊಟ್ಟೋರು, ಆರೋಪ ಬಂದೋರು, ಸಾಕ್ಷಿ ಹೇಳಿದೋರು, ಯಾರ ಹೆಸರನ್ನೂ ಹೊರಗೆ ಬಿಡೋ ಹಾಗಿಲ್ಲ. ನಮ್ಮ ಕಾರ್ಖಾನೆ ಸಮಿತಿಲಿ ನಾನಿದೀನಿ. ಒಂದಾದ್ರೂ ಕಥೆ ನಿನಗೆ ಹೇಳಿದೀನಾ?"

"ಸಮಿತಿಲಿದೀಯ ಅನ್ನೋದೇ ಈಗ ಗೊತ್ತಾಗ್ತಿದೆ ಕಣೇ, ಕಳ್ಳಿ!"

ಸೊಸೆ ನಕ್ಕುಬಿಟ್ಟಳು. ನಗುತ್ತಲೇ ಅವಳ ಕಣ್ಣು ತುಂಬಿತು. "ನಂಗೆ ಆ ಕೆಲಸ ಬಿಡೋಕೆ ಇಷ್ಟ ಇಲ್ಲ ಅತ್ತೆ."

ಅತ್ತೆ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು. "ಹಾಗಿದ್ರೆ ಬಿಡ್ಬೇಡ. ನೀನ್ಯಾಕೆ ಬಿಡ್ಬೇಕು?"

ಸೋಮವಾರ ಗಂಡ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತ. ಸೊಸೆ ಸಮಿತಿಯ ಅಧ್ಯಕ್ಷೆಗೆ ದೂರು ಕೊಟ್ಟಳು. ಸಂಯೋಜಕನನ್ನು ಆ ಕೋಣೆಯಿಂದ ದೂರವಿಟ್ಟರು. ಸೊಸೆಯ ಕುರ್ಚಿ ಅಲ್ಲೇ ಇತ್ತು. ವಿಚಾರಣೆಯಲ್ಲಿ ಯಾರು ಏನು ಹೇಳಿದರೆಂದು ಅತ್ತೆಗೆ ಇವತ್ತಿಗೂ ತಿಳಿಯದು. ತಿಳಿದಿರುವುದು ಇಷ್ಟು: ಆರೋಪ ಸಾಬೀತಾಯಿತು, ಅವನು ಹೋದ, ಸೊಸೆ ಉಳಿದಳು.

ಒಂದು ದಿನ ಎದುರುಮನೆಯಾಕೆ ಬಾಗಿಲಿಗೆ ಒರಗಿ ನಿಂತಳು. "ನಿಮ್ಮ ಸೊಸೆ ಸೊರಗಿದ್ಲು, ಈಗ ಗೆಲುವಾಗಿದಾಳೆ. ಏನೋ ನಡೆದಿದೆ. ನನಗೂ ಹೇಳಬಾರ್ದಾ?"

ಮಾತು ಅತ್ತೆಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಷ್ಟಪಟ್ಟು ನುಂಗಿದಳು.

"ಯಾರೋ ಫೋನ್ ಮಾಡ್ತಾರಂತೆ, ಇವಳು ಎತ್ತುತ್ತಾಳಂತೆ. ಅಷ್ಟೇ ಕಣಮ್ಮ."

ಒಳಗಿದ್ದ ಸೊಸೆಗೆ ಅದು ಕೇಳಿಸಿತು.

ನೀವು ಕೆಲಸ ಮಾಡುವುದು ಸೇವಾ ಸಂಸ್ಥೆಯಲ್ಲೇ ಇರಬಹುದು, ಸಂಬಳಕ್ಕೋ ಸ್ವಯಂಸೇವಕರಾಗಿಯೋ. ನಿಮ್ಮ ಬಳಿ ಕಷ್ಟ ಹೇಳಿಕೊಂಡವರ ಗುಟ್ಟನ್ನು ಪ್ರಾಣದಂತೆ ಕಾಪಾಡಿ. ಆದರೆ ನಿಮಗೆ ಕಿರುಕುಳ ಕೊಟ್ಟವರು ಅದೇ ಗುಟ್ಟಿನ ಹಿಂದೆ ಅವಿತುಕೊಳ್ಳಲು ಬಿಡಬೇಡಿ. ನಿಮ್ಮ ಸಂಸ್ಥೆಯ ದೂರು ಸಮಿತಿಯಲ್ಲಿ ಯಾರಿದ್ದಾರೆಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ದೂರಿಗೆ ಕಾಲಮಿತಿ ಇರಬಹುದು, ತಡಮಾಡಬೇಡಿ. ಮನೆಯವರೇ, ನಿಮ್ಮ ಮನೆಯ ಹೆಣ್ಣುಮಗಳು ಬಾಯಿಬಿಟ್ಟ ದಿನ ನಂಬಿ, ಜೊತೆಗೆ ನಿಲ್ಲಿ. ಆಮೇಲೆ ಎದುರುಮನೆಯವರು ಎಷ್ಟೇ ಕೇಳಲಿ, ಆ ಮಾತು ನಿಮ್ಮ ಹೊಸಿಲು ದಾಟದಿರಲಿ.