ಲೋಕಯ್ಯ ಮುಚ್ಚಿದ ಗೀರು

೧೯೩೪ರ ಫೆಬ್ರವರಿ ಮೊದಲ ವಾರ ಜೆಪ್ಪುವಿನ ದೋಣಿ ಬಡಗಿ ಲೋಕಯ್ಯನ ಚಪ್ಪರಕ್ಕೆ ಎರಡು ಹಲಗೆಗಳು ಬಂದವು. ಒಂದೊಂದೂ ಏಳು ಅಡಿ ಉದ್ದ, ನಾಲ್ಕು ಬೆರಳು ಅಗಲ. ಮೂತಿ ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿತ್ತು. ತಂದವರು ಮಣ್ಣಗುಡ್ಡದ ಸ್ವಿಸ್ ಇಂಜಿನಿಯರ್ ದೊರೆ, ಹನ್ನೆರಡು ವರ್ಷದ ನೌಕರಿ ಮುಗಿಸಿ ಊರಿಗೆ ಹೊರಟವರು. ಅವು ಹಿಮದ ಮೇಲೆ ಜಾರಿಕೊಂಡು ಹೋಗಲು ಕಾಲಿಗೆ ಕಟ್ಟುವ ಹಲಗೆಗಳಂತೆ. ಅಟ್ಟದ ತೇವಕ್ಕೆ ತಳದ ಡಾಂಬರು ಹೋಗಿ ಮರ ಬಿಳಿಚಿಕೊಂಡಿತ್ತು; ಅದಕ್ಕೆ ಮತ್ತೆ ಡಾಂಬರು ಹಿಡಿಸಬೇಕಿತ್ತು.

ದೊರೆ ಕೆಲಸದ ಕ್ರಮ ಹೇಳಲು ಹೊರಟರು. ಲೋಕಯ್ಯ ಬಿಡಲಿಲ್ಲ.

"ಮರದ ತಳ ನನಗೆ ಗೊತ್ತುಂಟು ದೊರೆಗಳೇ. ಮೂವತ್ತು ವರ್ಷದಿಂದ ಅದನ್ನೇ ಮಾಡ್ತಾ ಇದ್ದೇನೆ."

"ಇದು ಹೊಳೆಗೆ ಇಳಿಸುವುದಲ್ಲ ಮಾರಾಯ," ಎಂದು ಜೊತೆಗೆ ಬಂದಿದ್ದ ದೊರೆಯ ಅಡುಗೆಯ ಚಾರ್ಲ್ಸ್ ನಕ್ಕ.

ಲೋಕಯ್ಯ ತಳವನ್ನು ಗಾಜಿನ ಚೂರಿನಿಂದ ಹೆರೆದ. ಎರಡರಲ್ಲೂ ನಡುವೆ ಉದ್ದಕ್ಕೂ ಒಂದೊಂದು ಗೀರು ಕಂಡಿತು. ದೋಣಿಯ ಸಂದು ಬಿಟ್ಟಾಗ ಮಾಡುವುದನ್ನೇ ಮಾಡಿದ: ಹತ್ತಿ ಕಚ್ಚಿಕೊಳ್ಳಲೆಂದು ಗೀರಿನ ಬದಿಗಳನ್ನು ಉಳಿಯಿಂದ ಅಗಲಿಸಿ, ಹತ್ತಿ ಜಡಿದು, ರಾಳ ಎರೆದು ಸಮ ಮಾಡಿದ. ಮೇಲೆ ದೊರೆ ಕೊಟ್ಟ ಡಾಂಬರನ್ನು ಕೆಂಡದ ಕಾವಿನಲ್ಲಿ ಮರಕ್ಕೆ ಕುಡಿಸಿ, ಮೇಣ ತಿಕ್ಕಿದ. ತಳ ಕನ್ನಡಿಯಂತಾಯಿತು.

ಮೂರನೇ ದಿನ ದೊರೆ ಚಾರ್ಲ್ಸ್‌ನೊಂದಿಗೆ ಬಂದು ತಳದ ಮೇಲೆ ಹೆಬ್ಬೆರಳು ಆಡಿಸಿದರು. "ಗೀರು ಎಲ್ಲಿ?"

"ಮುಚ್ಚಿದ್ದೇನೆ. ಇನ್ನು ಹನಿ ನೀರೂ ಒಳಗೆ ಹೋಗುವುದಿಲ್ಲ."

ದೊರೆ ಸಿಟ್ಟಾಗಲಿಲ್ಲ. ಆ ಗೀರು ಇದ್ದರೆ ಮಾತ್ರ ಹಲಗೆ ನೇರ ಓಡುತ್ತದೆ, ಇಲ್ಲದಿದ್ದರೆ ಅಡ್ಡ ಜಾರುತ್ತದೆ ಎಂದು ತಿಳಿಸಿದರು. ಅದನ್ನು ತಮ್ಮ ತಂದೆಯೇ ಕೊರೆದದ್ದಂತೆ. ಜಡಿದ ಕೆಲಸವೇನೋ ಅಚ್ಚುಕಟ್ಟಾಗಿದೆ, ತುಂಬಿದ್ದನ್ನು ತೆಗೆದುಬಿಟ್ಟರೆ ಸಾಕು ಎಂದರು.

ಆ ಮೆಚ್ಚುಗೆಗೆ ಲೋಕಯ್ಯನ ಕಿವಿ ಬಿಸಿಯಾಯಿತು. ಎರಡು ಹಲಗೆಗೂ ಒಂದೇ ಅಗಲದ, ನೂಲು ಹಿಡಿದಂತೆ ನೇರವಾದ ಗೀರು. ಸವೆದೋ ಬಿರಿದೋ ಆದ ಗೀರು ಹಾಗಿರುವುದಿಲ್ಲ ಎಂಬುದು ನಿನ್ನೆಯಷ್ಟೇ ಉಳಿ ಹಿಡಿಯಲು ಕಲಿತವನಿಗೂ ಹೊಳೆಯಬೇಕಿತ್ತು. ರಾಳ ತೆಗೆದರೆ ತಾನು ಕೊರೆದ ಗುರುತು ಹೊರಬರುತ್ತದೆ. ಮೊದಲೇ ಹಾಗಿತ್ತು ಎಂದರೆ ದೊರೆ ನಂಬಿಯಾರು. ಮುಂದಿನ ವಾರ ಹಡಗು ಹತ್ತುವವರು. ಆ ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು.

"ತೆಗೆದರೂ ಮೊದಲಿನ ಹಾಗೆ ಆಗುವುದಿಲ್ಲ," ಎಂದ, ನೆಲ ನೋಡುತ್ತ. "ಬದಿ ಕೊರೆದುಬಿಟ್ಟಿದ್ದೇನೆ. ನೀವು ಹೇಳ್ಲಿಕ್ಕೆ ಬಂದಿರಿ, ನಾನು ಕೇಳ್ಲಿಲ್ಲ."

ಈ ಸಲ ಚಾರ್ಲ್ಸ್ ನಗಲಿಲ್ಲ. ನಕ್ಕಿದ್ದರೆ ಲೇಸಿತ್ತು.

ದೊರೆ ಹಲಗೆಯ ಮೂತಿ ಹಿಡಿದು ತಳ ಮೇಲಾಗುವಂತೆ ತಿರುಗಿಸಿಟ್ಟರು. ಆಮೇಲೆ, ತುಂಬಿದ್ದನ್ನು ತೆಗೆದು ಮತ್ತೆ ಕೊರೆಯುವ ಗೀರು ಎಷ್ಟು ಅಗಲ, ಎಷ್ಟು ಆಳ ಇರಬೇಕೆಂದು ಹೇಳತೊಡಗಿದರು. ಲೋಕಯ್ಯ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಒಂದೊಂದು ಅಳತೆಯನ್ನೂ ಎರಡೆರಡು ಸಲ ಕೇಳಿ, ಚಪ್ಪರದ ಕಂಬದ ಮೇಲೆ ಗುರುತು ಹಾಕಿಕೊಂಡ.