ದಿನಕ್ಕೆ ಹನ್ನೆರಡು ನಮಸ್ಕಾರ

ಸಿದ್ದಾಪುರದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮಾಸ್ತರ. ಕಮಲಾಕರ ಹೆಗಡೆ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ‘ಸೀಟಿ ಹೆಗಡೇರು’ ಎಂದರೆ ಸೀದಾ ಮನ್ಮನೆ ಊರಿನ ನಮ್ಮ ಅಂಗಳಕ್ಕೇ ತಂದು ಬಿಡುತ್ತಾರೆ. ಗೂನು ಬೆನ್ನು, ಸೊಟ್ಟ ಹೆಜ್ಜೆ, ಎಡ ಅಂದರೆ ಬಲ ಎತ್ತುವ ಕಾಲು, ಎಲ್ಲವನ್ನೂ ಸೀಟಿ ಊದಿಯೇ ತಿದ್ದಿದವನು ನಾನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದು ನನ್ನ ವೇದವಾಕ್ಯವಾಗಿತ್ತು. ಆ ಗಾದೆ ಕಟ್ಟಿದವನಿಗೆ ಮಕ್ಕಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನನ್ನ ಒಬ್ಬನೇ ಮಗ ಶಶಾಂಕ ಹುಟ್ಟಿದ್ದು ತೊಂಬತ್ತೊಂದರಲ್ಲಿ. ನಡಿಗೆ ಕಲಿತದ್ದೇ ತಡವಾಗಿ. ಕಲಿತ ಮೇಲೂ ಮೂರು ವರ್ಷ ತುಂಬುವಷ್ಟರಲ್ಲಿ ತುದಿಗಾಲು ಹಿಡಿದ. ಹಿಮ್ಮಡಿ ನೆಲಕ್ಕೆ ತಾಗಿಸದೆ, ಯಾರನ್ನೋ ಎಬ್ಬಿಸದೆ ದಾಟಿಹೋಗುವವನ ಹಾಗೆ ನಡೆಯುತ್ತಿದ್ದ. ನಮ್ಮ ಕಡೆ ಮಡಿಯುಟ್ಟ ಹೆಂಗಸರು ಬಚ್ಚಲಿಂದ ದೇವರ ಕೋಣೆಗೆ ಹೋಗುವುದೂ ಹಾಗೆಯೇ, ಮಂದಿ ತುಳಿದ ನೆಲಕ್ಕೆ ಪಾದ ಪೂರ್ತಿ ತಾಗಬಾರದೆಂದು. ನನ್ನ ಆಯಿಗೆ, ಎಂದರೆ ಅಮ್ಮನಿಗೆ, ಅಷ್ಟೇ ಸಾಕಾಯಿತು. “ಮಾಣಿ ಹುಟ್ಟಾ ಮಡಿವಂತ. ಮೈಲಿಗೆ ನೆಲಕ್ಕೆ ಹಿಮ್ಮಡಿ ಊರ್ತ್ನೇ ಇಲ್ಲೆ” ಎಂದು ಬಂದವರ ಎದುರೆಲ್ಲ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅಜ್ಜಿಗೆ ಇನ್ನೂ ಒಂದು ತೂಕ ಹೆಚ್ಚು. ನಾನಾದರೂ ಹುಷಾರಿದ್ದೆನೇ? ಅವನ ಮೀನಖಂಡ ತೋರಿಸಿ, “ಇದು ಕಬಡ್ಡಿ ಆಡುವವನ ಕಾಲು, ಬರೆದಿಟ್ಟುಕೊಳ್ಳಿ” ಎಂದು ಹೇಳಿಕೊಂಡು ತಿರುಗಿದೆ. ನಿಜಕ್ಕೂ ದಪ್ಪಗೆ, ಗಟ್ಟಿಯಾಗಿತ್ತು ಅದು.

ನನ್ನ ಹೆಂಡತಿ ಪರಿಮಳಾ ಮಾತ್ರ ನಗಲಿಲ್ಲ. ಅವಳು ಮತ್ತಿಘಟ್ಟದವಳು, ಕಡಿಮೆ ಮಾತು. ಮಗನಿಗೆ ಎಣ್ಣೆ ಹಚ್ಚುವಾಗ ಪಾದವನ್ನು ಮೇಲಕ್ಕೆ ಒತ್ತಿ ನೋಡುತ್ತಿದ್ದಳು. ಏಳು ದಾಟಿದ ಮೇಲೆ ಒಂದು ದಿನ, “ಇದು ಈಗ ಒತ್ತಿದ್ರೂ ಬತ್ತಿಲ್ಲೆ” ಎಂದಳು. ಆವತ್ತು ನಾನೂ ಒತ್ತಿ ನೋಡಿದೆ. ಪಾದ ಅರ್ಧಕ್ಕೇ ನಿಂತಿತು, ಮಗ ಅತ್ತ.

ಶಿರಸಿಯಲ್ಲಿ ಎಲುಬಿನ ಡಾಕ್ಟರರಿಗೆ ತೋರಿಸಿದೆವು. ಹಿಮ್ಮಡಿಯ ಹಿಂದಿನ ನರ ಗಿಡ್ಡವಾಗಿದೆ, ಆರು ವಾರ ಪ್ಲಾಸ್ಟರ್ ಹಾಕೋಣ ಎಂದರು. ಎರಡು ವಾರಕ್ಕೊಮ್ಮೆ ಬಿಚ್ಚಿ, ಪಾದವನ್ನು ಇನ್ನಷ್ಟು ಮೇಲಕ್ಕೆ ತಂದು ಮತ್ತೆ ಕಟ್ಟುವುದು. “ಆರು ವಾರ ಮುಗಿಯಲಿ, ಆಮೇಲೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸೋಣ” ಎಂದರು. ಎರಡೂ ಕಾಲಿಗೆ ಮೊಣಕಾಲಿನವರೆಗೆ ಬಿಳಿ ಬೂಟು ಹಾಕಿಸಿಕೊಂಡು ಶಶಾಂಕ ಬಸ್ಸಿಳಿದ. ನೀರು ತಾಗಿಸಬಾರದು ಎನ್ನುವುದೊಂದೇ ಪಥ್ಯ.

ಸರಿಯಾಗಿ ಆ ಹೊತ್ತಿಗೇ ಮುಂಜಿಯ ಮುಹೂರ್ತ ಬಂತು. ತೊಂಬತ್ತೊಂಬತ್ತರ ಮೇ ತಿಂಗಳು, ಪ್ಲಾಸ್ಟರ್ ಹಾಕಿ ನಾಲ್ಕನೆಯ ವಾರ. ಮುಂದೂಡಬಹುದೇ ಎಂದು ಭಟ್ಟರನ್ನು ಕೇಳಿದೆ. “ಬಪ್ಪ ವರ್ಷ ಗುರು, ಶುಕ್ರ ಇಬ್ರಿಗೂ ಮೌಢ್ಯ ಇದ್ದು, ಮುಹೂರ್ತ ಸಿಕ್ತಿಲ್ಲೆ. ಅದರ ಮುಂದಿನ ವರ್ಷಕ್ಕೆ ಮಾಣಿಗೆ ಹತ್ತು ದಾಟ್ತು” ಎಂದು ಪಂಚಾಂಗ ಮಡಚಿಟ್ಟರು. ಮುಂಜಿ ಅಂದ ಮೇಲೆ ತಲೆ ಬೋಳಿಸಿ ಮಂಗಲಸ್ನಾನ ಆಗಬೇಕು. ಹುಡುಗ ಅಡಿಯಿಂದ ಮುಡಿಯವರೆಗೆ ನೆನೆಯದೆ ಮಂತ್ರ ಹತ್ತುವುದಿಲ್ಲ. ಪ್ಲಾಸ್ಟರ್ ನೆನೆಯುವಂತಿಲ್ಲ.

“ಎರಡೇ ವಾರ. ಡಾಕ್ಟರ್ರ ಒಂದು ಮಾತು ಕೇಳಿ” ಎಂದಳು ಪರಿಮಳಾ. ಕೇಳಿದರೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು, ಹಾಗಾಗಿ ಕೇಳಲಿಲ್ಲ. ಮುಹೂರ್ತದ ಹಿಂದಿನ ದಿನ ಮಗನ ಕಾಲನ್ನು ಬಿಸಿನೀರಿನಲ್ಲಿ ಅದ್ದಿ ಕೂರಿಸಿ, ಅಡಿಕೆ ಸುಲಿಯುವ ಕತ್ತಿಯಲ್ಲಿ ನಾನೇ ಎರಡನ್ನೂ ಸೀಳಿ ತೆಗೆದೆ. ಶಶಾಂಕ ಎದ್ದು ನಿಂತ. ಹಿಮ್ಮಡಿ ನೆಲಕ್ಕೆ ತಾಗಿತ್ತು! ಆಯಿ ದೇವರಿಗೆ ದೀಪ ಹಚ್ಚಿದಳು. ನೋಡಿದೆಯಾ ಎನ್ನುವ ಹಾಗೆ ನಾನು ಪರಿಮಳಾಳ ಮುಖ ನೋಡಿದೆ. ಅವಳು ಮಗನ ಕಾಲಿಗಂಟಿದ್ದ ಬಿಳಿ ಹಿಟ್ಟನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

ಮುಂಜಿಯ ದಿನ ವಟು ಹಿರಿಯರಿಗೆಲ್ಲ ಅಡ್ಡಬೀಳಬೇಕಲ್ಲ. ಶಶಾಂಕ ಒಬ್ಬೊಬ್ಬರಿಗೂ ಉದ್ದುದ್ದ ಬಿದ್ದು ನಮಸ್ಕಾರ ಮಾಡಿದ. ಏಳುವಾಗ ಮೊದಲು ಅಂಡು ಎತ್ತುತ್ತಿದ್ದ. ಆಮೇಲೆ ಕೈಯನ್ನು ಮೊಣಕಾಲಿನ ಕೆಳಗೆ ಊರಿ, ಅಲ್ಲಿಂದ ಮೊಣಕಾಲಿಗೆ, ಮೊಣಕಾಲಿಂದ ತೊಡೆಗೆ ಏರಿಸುತ್ತ, ತನ್ನ ಮೈಯನ್ನು ತಾನೇ ಹತ್ತಿಕೊಂಡು ನಿಲ್ಲುತ್ತಿದ್ದ. “ಎಂಟು ವರ್ಷಕ್ಕೇ ಅಜ್ಜನಾದ್ನಲಾ!” ಎಂದು ಚಪ್ಪರದ ಅಡಿಯಲ್ಲಿ ನಗೆಯೋ ನಗೆ. ಪ್ಲಾಸ್ಟರ್ ಬಿಚ್ಚಿದ ಕಾಲು, ಜೋಮು ಬಿಟ್ಟಿಲ್ಲ ಎಂದು ನಾನೂ ನಕ್ಕೆ.

ನಗದೆ ನಿಂತವರು ಶಿವಲಿಂಗಪ್ಪ. ಬನವಾಸಿ ಕಡೆಯವರು, ನಮ್ಮ ಶಾಲೆಯ ಗಣಿತದ ಮಾಸ್ತರು. ಊಟವಾದ ಮೇಲೆ ನನ್ನನ್ನು ಬದಿಗೆ ಕರೆದರು.

“ಮಾಸ್ತರ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಅಕ್ಕನ ಮಗ ಭರತ್ ಹಿಂಗ ಏಳತಿದ್ದ. ಹುಡುಗನ್ನ ಒಮ್ಮೆ ಹುಬ್ಬಳ್ಳಿಗೆ ತೋರಸ್ರಿ.”

“ಈಗ ಹೇಗಿದ್ದಾನೆ ಅವನು?”

“ಮೊದಲ ತೋರಸ್ರಿ. ಆಮ್ಯಾಲೆ ಮಾತಾಡೋಣು.”

ನನಗೆ ಸಿಟ್ಟು ನೆತ್ತಿಗೇರಿತು. ಮಂಗಳಕಾರ್ಯದ ಮನೆಯಲ್ಲಿ ನಿಂತು ಆಡುವ ಮಾತೇ ಇದು? ಜನಿವಾರ, ಅಡ್ಡಬೀಳುವುದು, ಇವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ಜಾತಿ ಎತ್ತಿ ಆಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಆ ಮನುಷ್ಯನ ಜೊತೆ ಸ್ಟಾಫ್‌ರೂಮಿನಲ್ಲಿ ಒಂದೂವರೆ ವರ್ಷ ಸರಿಯಾಗಿ ಮಾತಾಡಲಿಲ್ಲ.

ಹಿಮ್ಮಡಿ ನೆಲಕ್ಕೆ ತಾಗಿದ ಖುಷಿಗೆ ಆಯಿಯ ಹರಕೆ ತೀರಿಸಲು ಚಂದಗುಳಿಯ ಗಂಟೆ ಗಣಪನಿಗೆ ಹೋದೆವು. ಗಂಟೆ ಕಟ್ಟಿ, ಪ್ರಸಾದ ತಿಂದು, ಯಲ್ಲಾಪುರಕ್ಕೆ ಬಂದು ಬಸ್ ಹತ್ತಿದೆವು. ಕೆಲಸ ಆಗುವ ಮೊದಲೇ ದೇವರಿಗೆ ಪಾವತಿ ಮಾಡಿದವರು ಲೋಕದಲ್ಲಿ ನಾವೊಬ್ಬರೇ ಇರಬೇಕು. ಜೂನ್ ಮುಗಿಯುವಷ್ಟರಲ್ಲಿ ಹಿಮ್ಮಡಿ ಮತ್ತೆ ಮೇಲೆದ್ದಿತ್ತು.

ಶಿರಸಿಯ ಡಾಕ್ಟರರ ಹತ್ತಿರ ಮತ್ತೆ ಹೋಗಬೇಕಿತ್ತು. ಅಡಿಕೆ ಕತ್ತಿಯಲ್ಲಿ ಪ್ಲಾಸ್ಟರ್ ಸೀಳಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಎರಡು ವಾರ ಕಡಿಮೆ ಮಾಡಿ ಮಗನ ಕಾಲು ಕೆಡಿಸಿದವನು ನಾನು, ಹಾಗಾದರೆ ನೆಟ್ಟಗೆ ಮಾಡಬೇಕಾದವನೂ ನಾನೇ ಎಂದು ತೀರ್ಮಾನಿಸಿದೆ. ನಾನು ಪಿ.ಟಿ. ಮಾಸ್ತರ ತಾನೇ? ನರ ಎಳೆಯುವ ವ್ಯಾಯಾಮ ನನಗೆ ಯಾವನು ಹೇಳಿಕೊಡಬೇಕು? ಮರುದಿನದಿಂದಲೇ ಸಂಧ್ಯಾವಂದನೆ ಮುಗಿದ ಮೇಲೆ ಹನ್ನೆರಡು ಸೂರ್ಯನಮಸ್ಕಾರ ಶುರುವಾಯಿತು, ಹಿಮ್ಮಡಿ ಊರಿ, ಎಣಿಸಿ. ಒಂದೂ ಬಿಡುವಂತಿಲ್ಲ.

ಮೊದಲ ತಿಂಗಳು ಹೇಗೋ ಮಾಡಿದ. ಆಮೇಲೆ ಆರನೆಯದಕ್ಕೆ ಕೈ ಸೋಲುತ್ತಿತ್ತು. “ಅಪ್ಪಯ್ಯ, ಕಾಲು ನೋಯ್ತು” ಎನ್ನುತ್ತಿದ್ದ. ನೋಯದೆ ಬಗ್ಗುವುದಿಲ್ಲ ಎನ್ನುತ್ತಿದ್ದೆ. ಅವನ ಹಿಮ್ಮಡಿಯ ಮೇಲೆ ನನ್ನ ಪಾದ ಇಟ್ಟು ಒತ್ತಿ ಹಿಡಿಯುತ್ತಿದ್ದೆ. ಹಾಗೆ ಹಿಡಿದಾಗಲೆಲ್ಲ ಅವನು ಹಿಂದಕ್ಕೆ ಬೀಳುತ್ತಿದ್ದ. ಬಿದ್ದರೆ, “ಸೋಮಾರಿ! ಬೇಕೂಂತ ಬೀಳ್ತೆ!” ಎಂದು ಬೈಯುತ್ತಿದ್ದೆ. ಎರಡು ಸಲ ಹೊಡೆದಿದ್ದೇನೆ. ಎರಡೇ ಸಲ ಎಂದು ಹೇಳಿಕೊಳ್ಳುವುದೂ ಒಂದು ಬಗೆಯ ಲಜ್ಜೆಗೇಡಿತನ. ಒಂದು ಬೆಳಿಗ್ಗೆ ಬಾಗಿಲ ಸಂದಿಯಿಂದ ಕಂಡದ್ದು: ಶಶಾಂಕ ಯಾರೂ ಇಲ್ಲದಾಗ ಗೋಡೆ ಹಿಡಿದು ನಿಂತು, ಹಿಮ್ಮಡಿಯನ್ನು ಕೆಳಕ್ಕೆ ತರಲು ತಾನೇ ಒತ್ತಿ ನೋಡುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ. ನನ್ನನ್ನು ಮೆಚ್ಚಿಸಲಿಕ್ಕೆ ಮಾಡುತ್ತಿದ್ದ ಅಷ್ಟೆ. ನಾನು ಹೆಮ್ಮೆಪಟ್ಟು, ದಾರಿಗೆ ಬಂದ ಎಂದುಕೊಂಡೆ.

ಎರಡು ಸಾವಿರದ ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ಕೂತರೆ ಏಳಲು ಇಬ್ಬರು ಹಿಡಿಯಬೇಕಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ನಾಲ್ಕನೆಯ ನಮಸ್ಕಾರಕ್ಕೆ ಬಿದ್ದವನು ಏಳಲೇ ಇಲ್ಲ. ನಾನು ಎಣಿಸುತ್ತಲೇ ಇದ್ದೆ. ಪರಿಮಳಾ ಒಳಗಿಂದ ಬಂದು ಅವನನ್ನು ಎತ್ತಿಕೊಂಡಳು, ಒಂಬತ್ತು ದಾಟಿದ ಹುಡುಗನನ್ನು ಕೂಸಿನ ಹಾಗೆ.

“ಶಿವಲಿಂಗಪ್ಪನವರ ಹತ್ರ ಡಾಕ್ಟರ್ರ ಹೆಸರು ಕೇಳಿ ಬರಸ್ಕಂಡು ಬಂಜಿ” ಎಂದಳು. ಮುಂಜಿಯ ದಿನದ ಮಾತು ಅವಳ ಕಿವಿಗೂ ಬಿದ್ದಿತ್ತು; ನನಗೆ ತಿಳಿಸದೆ ಆಗಲೇ ಹೋಗಿ ಬಂದಿದ್ದಳು. “ನಾಳೆ ಹುಬ್ಬಳ್ಳಿಗೆ ಆನು ಕರ್ಕಂಡು ಹೋಗ್ತೆ. ನಿಂಗ ಬಂದ್ರೂ ಅಡ್ಡಿಲ್ಲೆ, ಬರ್ದಿದ್ರೂ ಅಡ್ಡಿಲ್ಲೆ.”

ಹೋದೆ. ಹುಬ್ಬಳ್ಳಿಯ ಆ ಡಾಕ್ಟರಮ್ಮ ಹಿಮ್ಮಡಿ ಮುಟ್ಟಲೂ ಇಲ್ಲ. ಶಶಾಂಕನನ್ನು ನೆಲದ ಮೇಲೆ ಕೂರಿಸಿ, ಏಳಪ್ಪಾ ಎಂದರು. ಅವನು ಮೇಜಿನ ಕಾಲು ಹಿಡಿದು, ಆಮೇಲೆ ತನ್ನ ಮೊಣಕಾಲು, ತೊಡೆ ಹಿಡಿದು ಎದ್ದ. ಮುಂಜಿಯಲ್ಲಿ ಚಪ್ಪರದ ತುಂಬ ಜನ ನಕ್ಕಿದ್ದು ಇದಕ್ಕೇ. ಡಾಕ್ಟರಮ್ಮ ನಗಲಿಲ್ಲ. ರಕ್ತ ತೆಗೆದರು, ಮಾಂಸಖಂಡದ ಚೂರು ತೆಗೆದರು, ಹತ್ತು ದಿನ ಬಿಟ್ಟು ನಮ್ಮಿಬ್ಬರನ್ನೇ ಕೂರಿಸಿಕೊಂಡು ಹೇಳಿದರು.

ಮಸ್ಕ್ಯುಲರ್ ಡಿಸ್ಟ್ರೋಫಿಯಂತೆ. ಹುಟ್ಟುವಾಗಲೇ ತಂದದ್ದು. ಮೈಯ ಸ್ನಾಯುಗಳು ಒಂದೊಂದೇ ಸಾಯುತ್ತವೆ. ಮೀನಖಂಡ ದಪ್ಪಗೆ ಕಂಡದ್ದು ಬಲವಲ್ಲ, ಸತ್ತ ಸ್ನಾಯುವಿನ ಜಾಗದಲ್ಲಿ ತುಂಬಿದ ಕೊಬ್ಬು. ಹನ್ನೊಂದು–ಹನ್ನೆರಡಕ್ಕೆ ಗಾಲಿಕುರ್ಚಿ. ಆಮೇಲೆ ಕೈ. ಆಮೇಲೆ ಉಸಿರು.

“ಪ್ಲಾಸ್ಟರ್ ಎರಡು ವಾರ ಮೊದಲೇ ತೆಗೆದದ್ದರಿಂದ...” ಎಂದು ನಾನು ತೊದಲಿದೆ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದರು. “ತೊಡೆ, ಸೊಂಟ ಸೋತಿದೆ. ಬೀಳದೆ ನಿಲ್ಲಲಿಕ್ಕೆ ಅವನ ಮೈಯೇ ಕಂಡುಕೊಂಡ ಉಪಾಯ ಅದು. ತುದಿಗಾಲಲ್ಲಿ ನಿಂತಿದ್ದರಿಂದಲೇ ಇಷ್ಟು ದಿನ ನಿಂತಿದ್ದಾನೆ. ಹಿಮ್ಮಡಿ ಒತ್ತಿ ಊರಿಸಿದರೆ ಹಿಂದಕ್ಕೆ ಬೀಳುತ್ತಾನೆ.” ಬರೆಯುತ್ತಿದ್ದವರು ತಲೆಯೆತ್ತಿ, “ಮನೆಯಲ್ಲಿ ಗಟ್ಟಿ ವ್ಯಾಯಾಮ ಏನಾದರೂ ಮಾಡಿಸ್ತಿದ್ದಿರಾ? ಅಂಥದರಿಂದ ಇಂಥ ಮಕ್ಕಳ ಸ್ನಾಯು ಬೇಗ ಹರಿಯುತ್ತದೆ” ಎಂದು ಕೇಳಿದರು.

“ಇಲ್ಲ” ಎಂದೆ.

ಪರಿಮಳಾ ನನ್ನ ಕಡೆ ತಿರುಗಲಿಲ್ಲ. ನಿಜ ಹೇಳಲೂ ಇಲ್ಲ.

ಮದ್ದು ಇದೆಯೇ ಎಂದು ಅವಳೇ ಕೇಳಿದಳು. ಇಲ್ಲ ಎಂದರು. ಮೊದಲೇ ಬಂದಿದ್ದರೆ? ಆಗಲೂ ಇಲ್ಲ. ಹೊರಗೆ ಬೆಂಚಿನ ಮೇಲೆ ಶಶಾಂಕ ಬಾಳೆಹಣ್ಣು ತಿನ್ನುತ್ತ ಕೂತಿದ್ದ. ಶಿರಸಿಗೆ ಬರುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಅವನಿಗೆ ಕೊಟ್ಟೆ, ಮೊದಲೆಲ್ಲ ನಾನೇ ಕೂರುತ್ತಿದ್ದೆ. ಮುಂಡಗೋಡ ದಾಟುವವರೆಗೂ ಒಂದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಮುಂಜಿಯ ದಿನವೇ ಶಿವಲಿಂಗಪ್ಪನವರ ಮಾತು ಕೇಳಿದ್ದರೂ ಮಗ ಗುಣವಾಗುತ್ತಿರಲಿಲ್ಲ, ನಿಜ. ಆದರೆ ಅವನು ತನ್ನ ಕಾಲ ಮೇಲೆ ನಡೆಯುತ್ತಿದ್ದ ಕಡೆಯ ಒಂದೂವರೆ ವರ್ಷ ಬೈಗುಳವಿಲ್ಲದೆ ಕಳೆಯುತ್ತಿತ್ತು. ದೇವರು ಕಿತ್ತುಕೊಂಡದ್ದು ಒಂದು, ನಾನು ಕಿತ್ತುಕೊಂಡದ್ದು ಇನ್ನೊಂದು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಮರುದಿನ ಶಾಲೆಗೆ ಹೋಗಿ ಶಿವಲಿಂಗಪ್ಪನವರ ಎದುರು ನಿಂತೆ. ಅವರು ಭರತನ ವಿಷಯ ಹೇಳಲಿಲ್ಲ, ನಾನು ಕೇಳಲಿಲ್ಲ. “ಬರ್ರಿ ಮಾಸ್ತರ, ಕುಂದರ್ರಿ” ಎಂದು ಕುರ್ಚಿ ಎಳೆದುಕೊಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ.

ಅದರ ಮಾರನೆಯ ದಿನ ಬೆಳಿಗ್ಗೆ ಶಶಾಂಕ ಸಂಧ್ಯಾವಂದನೆ ಮುಗಿಸಿದ. ಪಂಚಪಾತ್ರೆ ಬದಿಗಿಟ್ಟು, ಜಮಖಾನೆಯನ್ನು ತಾನೇ ಎಳೆದು ಹಾಸಿದ. ಹುಬ್ಬಳ್ಳಿಯ ತಿರುಗಾಟದಲ್ಲಿ ಇಷ್ಟು ದಿನ ನಮಸ್ಕಾರ ತಪ್ಪಿದ್ದು ಅವನ ಲೆಕ್ಕದಲ್ಲಿತ್ತು, ದಿನಕ್ಕೆ ದುಪ್ಪಟ್ಟು ಮಾಡಿ ತೀರಿಸುವ ಯೋಚನೆ. “ಇವತ್ತು ಇಪ್ಪತ್ನಾಕು ಮಾಡವನ ಅಪ್ಪಯ್ಯ?” ಎಂದು ನನ್ನ ಮುಖ ನೋಡಿದ.

“ಬ್ಯಾಡ ಮಗಾ” ಎಂದೆ. “ಇನ್ನು ನಮಸ್ಕಾರ ಬ್ಯಾಡ.”

“ನಾಳೆ?”

“ನಾಳೆಯೂ ಬ್ಯಾಡ. ಯಾವತ್ತೂ ಬ್ಯಾಡ.”

ಅವನು ಹಾಸಿದ ಜಮಖಾನೆಯನ್ನು ಮಡಚಿದ. ಆಮೇಲೆ ಮುಖ ಅರಳಿತು. ಒಂದೂವರೆ ವರ್ಷದಲ್ಲಿ ನನ್ನ ಎದುರು ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

“ಹಂಗಾರೆ ಯನ್ನ ಕಾಲು ಗುಣ ಆತಾ ಅಪ್ಪಯ್ಯ?”

ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಇಪ್ಪತ್ತು ಬ್ಯಾಚಿನ ಹುಡುಗರಿಗೆ ಪಾಠ ಮಾಡಿದವನು ನಾನು. “ಹ್ಞೂಂ” ಎಂದೆ.

ಅವನು ಗೋಡೆ ಹಿಡಿದು, ಬಾಗಿಲು ಹಿಡಿದು, ತುದಿಗಾಲಲ್ಲಿ ತನ್ನಿಂದಾದಷ್ಟು ಬೇಗ ಅಡಿಗೆಮನೆಗೆ ಹೋದ. “ಆಯೀ, ಯನ್ನ ಕಾಲು ಗುಣ ಆತಡ!” ಎಂದು ಕೂಗಿದ್ದು ನನಗೆ ಕೇಳಿಸಿತು.

“ಹೌದನ ಮಗಾ? ಒಳ್ಳೇದಾತು” ಎಂದಳು ಪರಿಮಳಾ. “ಬಾ, ಕೂತ್ಗ. ತೆಳ್ಳೇವು ಬಿಸಿ ಇದ್ದು.”